ಒಳ ಅಂಚಿನ ಸುಕ್ಕು

ಈ ಸಲದ ದೀಪಾವಳಿ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಫೋನ್ ಮಾಡಿದಾಗ ಒಂದು ಷರತ್ತನ್ನೂ ಹಾಕಿದರು. “ಡಾಕ್ಟ್ರೇ, ಸಕ್ಕರೆ ಕಾಯಿಲೆ, ಬಿ.ಪಿ., ಕೊಲೆಸ್ಟರಾಲ್ ಈ ಮೂರನ್ನು ಬಿಟ್ಟು ಏನು ಬೇಕಾದರೂ ಬರೆಯಿರಿ. ಹೋಳಿಗೆ ತಿನ್ನುವ ಹೊತ್ತಿನಲ್ಲಿ ಜನ ನಿಮ್ಮ ಲೇಖನ ಓದಿ ನನ್ನನ್ನು ಬೈಯುತ್ತಾರೆ” ಎಂದರು. ಹಿಂದಿನ ಮೂರು ಸಂಚಿಕೆಗಳಲ್ಲಿ ಆ ಮೂರರ ಮೇಲೆಯೇ ಬರೆದು ಮುಗಿಸಿದ್ದೆ. ಇನ್ನು ಬೇರೆ ಸರಕನ್ನು ಎಲ್ಲಿಂದ ತರಲಿ? ಎರಡು ದಿನ ಯೋಚಿಸಿದ ಮೇಲೆ, ಈ ವರ್ಷವೆಲ್ಲ ನನ್ನ ತಲೆ ತಿಂದ ವಿಷಯವನ್ನೇ ಬರೆಯೋಣ ಎನಿಸಿತು. ಅದು ವೈದ್ಯಕೀಯವಲ್ಲ. ವಿಮಾನದ ಮೈಯನ್ನು ಕಪ್ಪು ಪಟ್ಟಿಗಳಿಂದ ಹೊದಿಸುವ ಒಂದು ಯಂತ್ರದ ವಿಷಯ.

ನನಗೂ ಆ ಯಂತ್ರಕ್ಕೂ ಸಂಬಂಧ ಬಂದದ್ದು ಮಗಳಿಂದ. ಅವಳು ಡಾಕ್ಟರ್ ಆಗಲಿಲ್ಲ. (ಈ ಬಗ್ಗೆ ಮನೆಯಲ್ಲಿ ನಡೆದ ಚರ್ಚೆಗಳನ್ನು ಇಲ್ಲಿ ಬರೆದರೆ ಸಂಚಿಕೆ ಸಾಲದು.) ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ವಿಮಾನದ ಭಾಗಗಳನ್ನು ಮಾಡಿಕೊಡುವ ಒಂದು ಕಾರ್ಖಾನೆ ಸೇರಿದಳು. ನಾವಿರುವುದು ಒಹಾಯೊದಲ್ಲಿ. ಅವಳಿರುವ ಊರಿನ ಗಡಿಯಾರ ನಮಗಿಂತ ಎರಡು ಗಂಟೆ ಹಿಂದೆ. ಕಳೆದ ವರ್ಷ ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಬಂದಾಗ “ಅಲ್ಲಿ ನೀನು ಮಾಡೋದಾದ್ರೂ ಏನಮ್ಮ?” ಎಂದು ಕೇಳಿದೆ. “ಟೇಪ್ ಅಂಟಿಸೋದು ಅಪ್ಪ” ಎಂದು ನಕ್ಕಳು. ಇಷ್ಟು ಫೀಸು ಕಟ್ಟಿ ಓದಿಸಿದ್ದು ಟೇಪ್ ಅಂಟಿಸುವುದಕ್ಕಾ ಎಂದು ನನ್ನ ಶ್ರೀಮತಿ ಅಡುಗೆಮನೆಯಿಂದಲೇ ಕೇಳಿದಳು.

ಅಂಟಿಸುವುದೇ ಹೌದು. ಬೋಯಿಂಗ್ 787 ವಿಮಾನದಲ್ಲಿ ನಿಮ್ಮಲ್ಲಿ ಅನೇಕರು ಊರಿಗೆ ಹೋಗಿ ಬಂದಿರುತ್ತೀರಿ. 2011ರಲ್ಲಿ ಪ್ರಯಾಣಿಕರನ್ನು ಹೊತ್ತು ಹಾರತೊಡಗಿದ ಈ ವಿಮಾನದ ತೂಕದಲ್ಲಿ ಸುಮಾರು ಅರ್ಧ ಭಾಗ ಲೋಹವಲ್ಲ, ಕಾಂಪೋಸಿಟ್. ಅಂದರೆ ಕಾರ್ಬನ್ ಎಳೆಗಳನ್ನು ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಹಾಕಿ, ಬೇಯಿಸಿ ಗಟ್ಟಿ ಮಾಡಿದ ವಸ್ತು. ಒಂದೊಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್, ನಮ್ಮ ತಲೆಕೂದಲಿನ ಹತ್ತನೆಯ ಒಂದು ಭಾಗ ಎನ್ನಿ. (ಕೂದಲಿರುವವರ ತಲೆಕೂದಲು.) ಇಂಥ ಸಾವಿರಾರು ಎಳೆಗಳನ್ನು ಒಟ್ಟು ಸೇರಿಸಿ ಅಂಟು ಹೀರಿಸಿದರೆ ಒಂದು ಪಟ್ಟಿಯಾಗುತ್ತದೆ. ಅವರ ಭಾಷೆಯಲ್ಲಿ ಅದು ‘ಟೋ’. ಬಹಳ ಕಡೆ ಬಳಸುವ ಪಟ್ಟಿಯ ಅಗಲ ಕಾಲು ಇಂಚು, ಅಂದರೆ 6.35 ಮಿಲಿಮೀಟರ್. ನೋಡಲು ನಮ್ಮ ಹಳೆಯ ಕ್ಯಾಸೆಟ್ಟಿನ ಟೇಪಿನಂತೆಯೇ ಇರುತ್ತದೆ, ತುಸು ಅಗಲ ಹೆಚ್ಚು. ಅಂಟು ಕೆಡದಂತೆ ಫ್ರೀಜರಿನಲ್ಲಿಟ್ಟಿರುತ್ತಾರೆ. ಎಷ್ಟು ಗಂಟೆ ಹೊರಗಿತ್ತು ಎಂಬುದಕ್ಕೂ ಲೆಕ್ಕ ಉಂಟು, ನಮ್ಮ ಲಸಿಕೆಗಳ ಹಾಗೆ.

ಈ ಪಟ್ಟಿಗಳನ್ನು ಅಚ್ಚಿನ ಮೇಲೆ ಅಂಟಿಸುವ ಕೆಲಸಕ್ಕೆ ಆಟೊಮೇಟೆಡ್ ಫೈಬರ್ ಪ್ಲೇಸ್‌ಮೆಂಟ್ ಎನ್ನುತ್ತಾರೆ. ರೋಬಾಟಿನ ತೋಳಿನ ತುದಿಗೆ ಒಂದು ತಲೆ. ಅದರೊಳಗೆ 8, 16 ಅಥವಾ ಇನ್ನೂ ಹೆಚ್ಚು ಪಟ್ಟಿಗಳು ಪಕ್ಕಪಕ್ಕದಲ್ಲಿ ಹರಿದು ಬರುತ್ತವೆ. ಹೀಟರ್ ಮೇಲ್ಮೈಯನ್ನು ಬಿಸಿ ಮಾಡುತ್ತದೆ, ಅದರ ಹಿಂದೆಯೇ ಮೆತ್ತನೆಯ ರೋಲರ್ ಪಟ್ಟಿಗಳನ್ನು ಒತ್ತಿ ಕೂರಿಸುತ್ತದೆ. ಯಾವ ಪಟ್ಟಿ ಎಲ್ಲಿ ಮುಗಿಯಬೇಕೋ ಅಲ್ಲಿ ಸಣ್ಣ ಕತ್ತಿ ಅದೊಂದನ್ನೇ ಕತ್ತರಿಸುತ್ತದೆ. ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಮತ್ತೊಂದು 45 ಡಿಗ್ರಿ ಓರೆಗೆ. ಬಿದಿರು ನೋಡಿದ್ದೀರಲ್ಲ, ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಸೀಳಿದರೆ ಸರ್ರನೆ ಸೀಳುತ್ತದೆ. ಈ ಪಟ್ಟಿಯೂ ಹಾಗೆಯೇ. ಅದಕ್ಕೇ ಎಲ್ಲ ದಿಕ್ಕಿಗೂ ಪದರ ಬೇಕು. ಕೊನೆಗೆ ಎಲ್ಲವನ್ನೂ ಆಟೊಕ್ಲೇವ್ ಎಂಬ ದೈತ್ಯ ಪ್ರೆಶರ್ ಕುಕ್ಕರಿನಲ್ಲಿಟ್ಟು ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ವಾತಾವರಣದ ಆರೇಳು ಪಟ್ಟು ಒತ್ತಡದಲ್ಲಿ ಬೇಯಿಸುತ್ತಾರೆ.

ಇಷ್ಟೇ ಆಗಿದ್ದರೆ ನಾನು ‘ಭೇಷ್’ ಎಂದು ಸುಮ್ಮನಾಗುತ್ತಿದ್ದೆ. ಆದರೆ ಅವಳ ಕೆಲಸ ನೇರ ಪಟ್ಟಿಗಳದ್ದಲ್ಲ, ಬಾಗಿದ ದಾರಿಯಲ್ಲಿ ಹೋಗುವ ಪಟ್ಟಿಗಳದ್ದು. ಹಲಗೆಯಲ್ಲಿ ಒಂದು ತೂತು ಇದೆ ಅನ್ನಿ, ಕಿಟಕಿಯೋ ಮುಚ್ಚಳವೋ. ನೇರ ಹೋಗುವ ಎಳೆಗಳೆಲ್ಲ ಆ ತೂತಿನ ಬಳಿ ತುಂಡಾಗುತ್ತವೆ, ಅವು ಹೊರುತ್ತಿದ್ದ ಭಾರವೆಲ್ಲ ತೂತಿನ ಅಂಚಿಗೆ ಬೀಳುತ್ತದೆ. ಅದರ ಬದಲು ಎಳೆಗಳೇ ತೂತನ್ನು ಬಳಸಿಕೊಂಡು ಹೋದರೆ? ಮರದಲ್ಲಿ ಕೊಂಬೆ ಹೊರಟ ಗಂಟಿನ ಸುತ್ತ ನಾರು ಹೇಗೆ ಬಳಸಿ ಹೋಗುತ್ತದೋ ಹಾಗೆ. ಈ ಯೋಚನೆಯನ್ನು ಸಂಶೋಧಕರು 1990ರ ದಶಕದ ಮೊದಲಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2018ರಲ್ಲಿ ನಾಸಾದವರು ಹೀಗೆ ಬಾಗಿದ ಎಳೆಗಳ 39 ಅಡಿ ಉದ್ದದ ರೆಕ್ಕೆಯೊಂದನ್ನು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್‌ನಲ್ಲಿ ಭಾರ ಹೇರಿ ಪರೀಕ್ಷಿಸಿದರು. ಎಳೆಗಳ ದಾರಿಯನ್ನು ಸರಿಯಾಗಿ ಬಾಗಿಸಿದರೆ ರೆಕ್ಕೆ ಮೇಲಕ್ಕೆ ಬಾಗುವಾಗ ತಾನೇ ತುಸು ತಿರುಚಿಕೊಂಡು ಹೊರೆ ಇಳಿಸಿಕೊಳ್ಳುತ್ತದಂತೆ.

ಇಲ್ಲಿಗೆ ಬಂದಾಗ ನಾನು ಸುಮ್ಮನಿರಲಾಗಲಿಲ್ಲ, ನನ್ನ ಭಾಷಣ ಶುರುಮಾಡಿದೆ. 1866ರಲ್ಲಿ ಜ್ಯೂರಿಕ್‌ನಲ್ಲಿ ಹೆರ್ಮನ್ ಫಾನ್ ಮೇಯರ್ ಎಂಬ ಅಂಗರಚನಾ ಶಾಸ್ತ್ರಜ್ಞರು ತೊಡೆಮೂಳೆಯ ತಲೆಯನ್ನು ಉದ್ದಕ್ಕೆ ಕೊಯ್ದು ಒಳಗಿನ ಎಲುಬಿನ ಎಳೆಗಳ ಸಾಲುಗಳನ್ನು ತೋರಿಸಿದಾಗ, ಅಲ್ಲಿದ್ದ ಸೇತುವೆ ಎಂಜಿನಿಯರ್ ಕಾರ್ಲ್ ಕುಲ್ಮನ್ ಅವರಿಗೆ ಅದು ಕ್ರೇನಿನೊಳಗೆ ಭಾರ ಹರಿಯುವ ಗೆರೆಗಳಂತೆ ಕಂಡಿತು. ನಮ್ಮ ಹೃದಯವೂ ಅಷ್ಟೆ. ಎಡ ಹೃತ್ಕುಕ್ಷಿಯ ಗೋಡೆಯ ಒಳಮೈಯಲ್ಲಿ ಸ್ನಾಯುವಿನ ಎಳೆಗಳು ಸುಮಾರು 60 ಡಿಗ್ರಿ ಒಂದು ಕಡೆಗೆ ಓರೆಯಾಗಿದ್ದರೆ, ಹೊರಮೈಗೆ ಬರುವಷ್ಟರಲ್ಲಿ ಸ್ವಲ್ಪಸ್ವಲ್ಪವೇ ತಿರುಗಿ 60 ಡಿಗ್ರಿ ಇನ್ನೊಂದು ಕಡೆಗೆ ಓರೆಯಾಗಿರುತ್ತವೆ. ಒಂದೊಂದು ಎಳೆ ಕುಗ್ಗುವುದು ನೂರಕ್ಕೆ 15ರಷ್ಟು. ಆದರೂ ಪ್ರತಿ ಬಡಿತಕ್ಕೆ ತುಂಬಿದ ರಕ್ತದಲ್ಲಿ ನೂರಕ್ಕೆ 60ರಷ್ಟು ಹೊರಗೆ ಹೋಗುತ್ತದೆ. ಆ ತಿರುವು ಇಲ್ಲದಿದ್ದರೆ ನಾವು ಮೆಟ್ಟಿಲು ಹತ್ತುತ್ತಿರಲಿಲ್ಲ.

“ಸರಿ ಅಪ್ಪ, ಆದ್ರೆ ಹೃದಯ ಎಳೆಗಳನ್ನ ಬೆಳೆಸುತ್ತೆ. ನಾವು ಅಂಟಿಸ್ಬೇಕು. ನಿನ್ನ ಬ್ಯಾಗಿನಿಂದ ಪ್ಲಾಸ್ಟರ್ ಕೊಡು” ಎಂದಳು. ಊಟದ ಮೇಜಿನ ಮೇಲೆ ತಟ್ಟೆಯೊಂದನ್ನು ಕವುಚಿಟ್ಟು ಅದರ ಸುತ್ತ ಗೆರೆ ಎಳೆದಳು. “ಈ ಗೆರೆ ಮೇಲೆ ಚಪ್ಪಟೆಯಾಗಿ ಅಂಟಿಸು ನೋಡೋಣ” ಎಂದಳು. ಮೂವತ್ತು ವರ್ಷ ಪ್ಲಾಸ್ಟರ್ ಅಂಟಿಸಿದ ಕೈ, ಇದೇನು ಮಹಾ ಎಂದುಕೊಂಡೆ. ಮೂರು ಇಂಚು ಹೋಗುವಷ್ಟರಲ್ಲಿ ಒಳ ಅಂಚು ಪುಟ್ಟ ಪುಟ್ಟ ಸುಕ್ಕುಗಳಾಗಿ ಎದ್ದು ನಿಂತಿತು.

ಕಾರಣ ಸರಳ. ಓಟದ ಟ್ರ್ಯಾಕಿನಲ್ಲಿ ಹೊರಗಿನ ಸಾಲಿನವನು ಹೆಚ್ಚು ದೂರ ಓಡಬೇಕು, ಅದಕ್ಕೇ ಅವನನ್ನು ಮುಂದೆ ನಿಲ್ಲಿಸುತ್ತಾರೆ. ಪಟ್ಟಿ ತಿರುಗುವಾಗ ಅದರ ಹೊರ ಅಂಚಿಗೆ ಉದ್ದ ಹೆಚ್ಚು ಬೇಕು, ಒಳ ಅಂಚಿಗೆ ಕಡಿಮೆ ಸಾಕು. ಆದರೆ ಪಟ್ಟಿಯ ಎರಡು ಅಂಚುಗಳ ಉದ್ದವೂ ಒಂದೇ. 635 ಮಿಲಿಮೀಟರ್ ತ್ರಿಜ್ಯದ ತಿರುವಿನಲ್ಲಿ ಕಾಲು ಇಂಚಿನ ಪಟ್ಟಿಯನ್ನು 90 ಡಿಗ್ರಿ ತಿರುಗಿಸಿದರೆ ಸುಮಾರು ಒಂದು ಮೀಟರ್ ಪಟ್ಟಿ ಬೇಕು. ಅಷ್ಟರಲ್ಲಿ ಒಳ ಅಂಚಿಗೂ ಹೊರ ಅಂಚಿಗೂ ಇರುವ ವ್ಯತ್ಯಾಸ ಹತ್ತೇ ಮಿಲಿಮೀಟರ್, ನೂರಕ್ಕೆ ಒಂದು. ಕಾರ್ಬನ್ ಎಳೆ ರಬ್ಬರಲ್ಲ, ನೂರಕ್ಕೆ ಎರಡರಷ್ಟು ಎಳೆಯುವುದರೊಳಗೆ ತುಂಡಾಗುತ್ತದೆ. ಹೊರ ಅಂಚು ಹಿಗ್ಗಲು ಒಪ್ಪುವುದಿಲ್ಲ, ಆದ್ದರಿಂದ ಒಳ ಅಂಚು ಸುಕ್ಕಾಗುತ್ತದೆ. ತಿರುವು ಇನ್ನೂ ಬಿಗಿಯಾದರೆ ಸುಕ್ಕು ಇನ್ನೂ ಹೆಚ್ಚು. ಅಗಲವಾದ ಒಂದೇ ಹಾಳೆಯ ಬದಲು ಸಣ್ಣ ಸಣ್ಣ ಪಟ್ಟಿಗಳನ್ನು ಬಳಸುವುದು ಇದಕ್ಕೇ. ಪ್ರತಿ ಪಟ್ಟಿಯೂ ತನಗೆ ಬೇಕಾದಷ್ಟು ಉದ್ದವನ್ನು ತಾನೇ ಎಳೆದುಕೊಳ್ಳುತ್ತದೆ. ಆದರೆ ಒಂದು ಪಟ್ಟಿಯ ಒಳಗಿನ ಆ ಆರು ಮಿಲಿಮೀಟರಿಗೆ ಮಾತ್ರ ಯಾವ ಉಪಾಯವೂ ಇಲ್ಲ.

ಇದೆಲ್ಲ ನವೆಂಬರಿನ ಮಾತು. ಜನವರಿಯ ಒಂದು ರಾತ್ರಿ, ಹನ್ನೆರಡೂವರೆ ಇರಬೇಕು, ಅವಳ ಫೋನ್ ಬಂತು. ರಾತ್ರಿ ಪಾಳಿ, ಊಟದ ಬಿಡುವಿನಲ್ಲಿ ಮಾಡಿದ್ದಳು.

ಅವಳು ಹೇಳಿದ್ದು ಇಷ್ಟು. ತೂತೊಂದರ ಸುತ್ತ ಬಾಗಿ ಹೋಗುವ ಪಟ್ಟಿಗಳ ಒಳ ಅಂಚು ಐದಾರು ಕಡೆ ಎದ್ದಿದೆ. ಯಂತ್ರದ ಕ್ಯಾಮೆರಾ ಗುರುತು ಮಾಡಿದೆ. ಒಂದೊಂದನ್ನೇ ತೆಗೆದುಕೊಂಡರೆ ನಿಯಮದ ಮಿತಿಯೊಳಗೇ ಇದೆ, ಆದರೆ ಎಲ್ಲವೂ ಒತ್ತೊತ್ತಾಗಿ ಒಂದೇ ಕಡೆ ಇವೆ. ಪಾಳಿಯ ಮುಖ್ಯಸ್ಥರು “ಮುಂದಿನ ಪದರ ಬಿದ್ದರೆ ಕೂರುತ್ತದೆ, ಆಟೊಕ್ಲೇವ್‌ನಲ್ಲಿ ಚಪ್ಪಟೆಯಾಗುತ್ತದೆ, ಸಹಿ ಹಾಕಿ ಯಂತ್ರ ನಡೆಸು” ಎನ್ನುತ್ತಿದ್ದಾರೆ. ಯಂತ್ರ ನಿಂತು ನಲವತ್ತು ನಿಮಿಷವಾಗಿದೆ.

“ಕೂರೋದಿಲ್ವಾ?” ಎಂದೆ.

“ಕೆಲವು ಕೂರುತ್ವೆ ಅಪ್ಪ. ಆದ್ರೆ ಹೆಚ್ಚಾದ ಉದ್ದ ಎಲ್ಲಿಗ್ ಹೋಗುತ್ತೆ? ಮೇಲೆ ಏಳದಿದ್ರೆ ಒಳಗೇ ಅಲೆ ಅಲೆಯಾಗಿ ಮಲಗುತ್ತೆ. ಅಮುಕಿದಾಗ ಅದೇ ಜಾಗ ಮೊದ್ಲು ಮಡಚೋದು. ಒಂದು ಪದರ ಮೇಲೆ ಬಿದ್ರೆ ಕಣ್ಣಿಗೆ ಕಾಣಲ್ಲ. ಬೇಯಿಸಿದ ಮೇಲೆ ಅಲ್ಟ್ರಾಸೌಂಡ್ ಮಾಡ್ತೀವಿ, ಅದು ಪದರ ಬಿಟ್ಟಿದ್ರೆ ಹಿಡಿಯುತ್ತೆ, ಎಳೆ ಅಲೆಯಾಗಿರೋದನ್ನ ಹಿಡಿಯೋದು ಕಷ್ಟ. ಏನ್ ಮಾಡ್ಲಿ?”

ನಾನು ಏನು ಹೇಳಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. “ನೋಡು ಪುಟ್ಟಿ, ಕೆಲಸಕ್ಕೆ ಸೇರಿ ವರ್ಷ ಒಂದಾಗಿದೆ ಅಷ್ಟೆ. ಇಪ್ಪತ್ತು ವರ್ಷದ ಅನುಭವ ಇರೋರು ಹೇಳ್ತಿದ್ದಾರೆ. ಮಿತಿಯೊಳಗೆ ಇದೆ ಅಂತ ನೀನೇ ಹೇಳ್ತಿದ್ದೀಯ. ಸುಮ್ಮನೆ ಸಹಿ ಹಾಕು. ಬೆಳಿಗ್ಗೆ ಮಾತಾಡೋಣ” ಎಂದೆ. ಅವಳು “ಹೂಂ” ಎಂದು ಫೋನ್ ಇಟ್ಟಳು.

ನಿದ್ದೆ ಬರಲಿಲ್ಲ. ‘ಒಂದು ಪದರ ಮೇಲೆ ಬಿದ್ದರೆ ಕಣ್ಣಿಗೆ ಕಾಣಲ್ಲ’ ಎಂಬ ಮಾತು ಕಿವಿಯಲ್ಲೇ ಉಳಿದಿತ್ತು. ಅದನ್ನು ನಾನು ಮೊದಲು ಕೇಳಿದ್ದು ಮಗಳ ಬಾಯಲ್ಲಲ್ಲ.

1993ರಲ್ಲಿ ನಾನು ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್. ಮೂಳೆ ವಿಭಾಗದಲ್ಲಿ ಪಾಳಿ. ಅಲ್ಲಿನ ಪ್ಲಾಸ್ಟರ್ ರೂಮಿನಲ್ಲಿ ವಯಸ್ಸಾದ ಅಟೆಂಡರ್ ಒಬ್ಬರಿದ್ದರು. ಬೆಳಗಿನ ಹೊತ್ತು ಗಾಜ್ ಬಟ್ಟೆಯ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಉಜ್ಜಿ ಸುರುಳಿ ಸುತ್ತಿಡುವುದು ಅವರ ಕೆಲಸ. ನಿಜ ಹೇಳಬೇಕೆಂದರೆ ನಮಗೆ ಪ್ಲಾಸ್ಟರ್ ಹಾಕಲು ಕಲಿಸಿದ್ದು ಪ್ರೊಫೆಸರುಗಳಲ್ಲ, ಅವರು. ಕೈಗೆ, ಕಾಲಿಗೆ ನೇರ ಸುತ್ತುವುದು ಯಾರಿಗಾದರೂ ಬರುತ್ತದೆ. ಕಷ್ಟ ಇರುವುದು ಮೊಣಕೈ, ಹಿಮ್ಮಡಿಯಂಥ ತಿರುವುಗಳಲ್ಲಿ. “ಬಟ್ಟೆ ಹೋಗೋ ದಾರೀಲಿ ನೀವು ಹೋಗಿ ಸಾರ್, ನೀವು ಹೋಗೋ ದಾರಿಗೆ ಬಟ್ಟೆ ಎಳೀಬ್ಯಾಡಿ” ಎನ್ನುತ್ತಿದ್ದರು. ದಿಕ್ಕು ಬದಲಿಸಬೇಕಾದರೆ ಎಳೆಯಬಾರದು, ಅಂಚನ್ನು ಒಂದು ಚಿಕ್ಕ ನೆರಿಗೆ ಹಿಡಿದು ಮಡಿಸಿ, ಅಂಗೈಯಿಂದ ಸವರಿ ಮಟ್ಟ ಮಾಡಬೇಕು. ಮೊಣಕೈ ಮಡಿಕೆಯ ಒಳಗಡೆ ಬಟ್ಟೆ ಗುಡ್ಡೆಯಾಗಲು ಬಿಡಬಾರದು. “ಮೇಲಿನ ಸುತ್ತು ಬಿದ್ದ ಮೇಲೆ ಕಾಣಾಕಿಲ್ಲ ಸಾರ್” ಎಂಬುದೂ ಅವರದೇ ಮಾತು.

ಒಂದು ಸಂಜೆ ಅವರು ಇರಲಿಲ್ಲ. ಮರದಿಂದ ಬಿದ್ದು ಮುಂಗೈ ಮೂಳೆ ಮುರಿದುಕೊಂಡ ಎಂಟು ವರ್ಷದ ಹುಡುಗನನ್ನು ತಾಯಿ ಕರೆತಂದಿದ್ದಳು. ಮೂಳೆ ಕೂರಿಸಿ, ಮೊಣಕೈಯನ್ನು ಮಡಿಸಿ ಹಿಡಿದು, ತೋಳಿನವರೆಗೆ ಪ್ಲಾಸ್ಟರ್ ಹಾಕಬೇಕು. ಹೊರಗೆ ಉದ್ದನೆಯ ಸಾಲು. ಅವಸರದಲ್ಲಿ ಬಟ್ಟೆಯನ್ನು ನನಗೆ ಬೇಕಾದ ಕಡೆಗೆ ಎಳೆದೆ. ಮೊಣಕೈ ಒಳಗಡೆ ಒಂದು ದಪ್ಪ ಸುಕ್ಕು ಎದ್ದಿತು. ನೋಡಿದೆ. ನೋಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಿಚ್ಚಿ ಮತ್ತೆ ಹಾಕಿದರೆ ಇಪ್ಪತ್ತು ನಿಮಿಷ. ಮೇಲಿನ ಸುತ್ತು ಒತ್ತಿದರೆ ಕೂರುತ್ತದೆ ಎಂದುಕೊಂಡು ಸುತ್ತಿಬಿಟ್ಟೆ. ಹೊರಗಿನಿಂದ ನೋಡಿದರೆ ಅಷ್ಟು ನುಣುಪಾದ ಪ್ಲಾಸ್ಟರನ್ನು ನಾನು ಅದುವರೆಗೆ ಹಾಕಿರಲಿಲ್ಲ.

ಮೂರನೆಯ ದಿನ ಆ ತಾಯಿ ಬಂದಳು, ಹುಡುಗ ರಾತ್ರಿಯೆಲ್ಲ ಅಳುತ್ತಾನೆ ಎಂದು. ಬೆರಳುಗಳು ಆಡುತ್ತಿದ್ದವು, ಬಣ್ಣವೂ ಚೆನ್ನಾಗಿತ್ತು. “ಮೂಳೆ ಮುರಿದಿದೆ, ನೋವು ಇರುತ್ತಮ್ಮ” ಎಂದು ಮಾತ್ರೆ ಬರೆದು ಕಳಿಸಿದೆ. ಆಮೇಲೆ ಅವನು ಅಳುವುದು ನಿಲ್ಲಿಸಿದನಂತೆ. ಹದಿಮೂರನೆಯ ದಿನ ವಾಸನೆ ಬರುತ್ತಿದೆ ಎಂದು ಬಂದರು. ಕತ್ತರಿಸಿ ತೆಗೆದಾಗ ಮೊಣಕೈಯ ಒಳಗಡೆ, ಸರಿಯಾಗಿ ಸುಕ್ಕಿನ ಜಾಗದಲ್ಲಿ, ರೂಪಾಯಿ ಅಗಲದ ಹುಣ್ಣು. ತಾಯಿ ಅದನ್ನು ನೋಡಿ ನನ್ನ ಕಡೆ ತಿರುಗಿ ಹೇಳಿದ್ದು ಇದು: “ನಾವೇ ಬರೋದು ತಡ ಮಾಡಿದ್ವೇನೋ ಸಾರ್.”

ನಾನು ಇಲ್ಲ ಎನ್ನಲಿಲ್ಲ. ಕೇಸ್ ಶೀಟಿನಲ್ಲಿ ‘ಪ್ಲಾಸ್ಟರ್ ಸೋರ್’ ಎಂದು ಎರಡು ಪದ ಬರೆದು ಸಹಿ ಹಾಕಿದೆ. ಯಾಕೆ ಆಯಿತು ಎಂದು ಬರೆಯಲಿಲ್ಲ. ಅಟೆಂಡರ್ ಮಾತ್ರ ಕತ್ತರಿಸಿ ತೆಗೆದ ಪ್ಲಾಸ್ಟರಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡಿ, ನನ್ನ ಮುಖವನ್ನೂ ನೋಡಿ, ಅದನ್ನು ಬಕೆಟ್ಟಿಗೆ ಹಾಕಿದರು. ಹುಣ್ಣು ಮಾಯಲು ಆರು ವಾರ ಹಿಡಿಯಿತು. ಕೈ ನೆಟ್ಟಗಾಯಿತು, ಗುರುತು ಉಳಿಯಿತು. ಮೂಳೆ ವಿಭಾಗ ನನಗಲ್ಲ ಎಂದು ನಾನು ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡಿದೆ. ಕೇಳಿದವರಿಗೆಲ್ಲ ಬೇರೆ ಕಾರಣ ಹೇಳಿದೆ.

ಮಗಳಿಗೆ ಫೋನ್ ಮಾಡಿದಾಗ ನಮ್ಮಲ್ಲಿ ರಾತ್ರಿ ಮೂರು ಗಂಟೆ. ಎರಡು ಸಲ, ಮೂರು ಸಲ ಮಾಡಿದೆ, ಎತ್ತಲಿಲ್ಲ. ಯಂತ್ರದ ಬಳಿ ಫೋನ್ ಒಯ್ಯುವ ಹಾಗಿಲ್ಲ, ಲಾಕರಿನಲ್ಲಿಟ್ಟು ಹೋಗಬೇಕು ಎಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಒಂಬತ್ತಕ್ಕೆ ಅವಳೇ ಮಾಡಿದಳು. ಸಹಿ ಹಾಕಿರಲಿಲ್ಲ. ಅಂಟು ಇನ್ನೂ ಹಸಿ ಇರುವುದರಿಂದ ಪಟ್ಟಿಗಳನ್ನು ಕೈಯಿಂದ ಬಿಡಿಸಬಹುದು. ಅವಳೂ ಇನ್ನಿಬ್ಬರೂ ಸೇರಿ, ಕೆಳಗಿನ ಪದರ ಹಾಳಾಗದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಒಂದೊಂದನ್ನೇ ಎಬ್ಬಿಸಿ ತೆಗೆದಿದ್ದರು. ಪಾಳಿ ಪೂರ್ತಿ ಅದಕ್ಕೇ ಹೋಯಿತು. “ಬೈದ್ರಾ?” ಎಂದೆ. “ಬೈಲಿಲ್ಲ, ಬರ್ಕೊಂಡ್ರು” ಎಂದಳು. ಆ ವರ್ಷದ ಮೌಲ್ಯಮಾಪನದಲ್ಲಿ ಅವಳ ಕೆಲಸ ನಿಧಾನ ಎಂಬ ಷರಾ ಬಂತು. ಸಂಬಳ ಏರಿದ್ದು ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ಹೀಗಾಗಿ ಇದು ಸತ್ಯಕ್ಕೆ ಜಯವಾದ ಕಥೆಯೇನೂ ಅಲ್ಲ. ಆ ಸುಕ್ಕುಗಳನ್ನು ಹಾಗೆಯೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯಾರಿಗೂ ಗೊತ್ತಿಲ್ಲ, ಬಹುಶಃ ಏನೂ ಆಗುತ್ತಿರಲಿಲ್ಲ ಎಂದು ಅವಳೇ ಹೇಳುತ್ತಾಳೆ. ಎರಡು ತಿಂಗಳ ಮೇಲೆ ಆ ತಿರುವಿನ ದಾರಿಯನ್ನೇ ಬದಲಿಸಿದರು. ತ್ರಿಜ್ಯ ಹೆಚ್ಚಿಸಿದರು, ತೂತಿನ ಬಳಿ ತಲೆಯ ವೇಗ ಇಳಿಸಿದರು, ಶಾಖ ತುಸು ಏರಿಸಿದರು. ಬಿಸಿ ಹೆಚ್ಚಾದರೆ ಅಂಟು ಚೆನ್ನಾಗಿ ಹಿಡಿದು ಒಳ ಅಂಚು ಏಳುವುದು ಕಡಿಮೆ. ಹೊಸ ದಾರಿಯಲ್ಲಿ ಪಟ್ಟಿಗಳ ನಡುವೆ ಅಲ್ಲಲ್ಲಿ ಸಣ್ಣ ತ್ರಿಕೋನದ ಸಂದುಗಳು ಉಳಿಯುತ್ತವಂತೆ. ಅದು ಇನ್ನೊಂದು ತಲೆನೋವು.

ಮೇ ತಿಂಗಳಲ್ಲಿ ಕಾರ್ಖಾನೆಯವರು ಕುಟುಂಬದವರಿಗೆಂದು ಒಂದು ಶನಿವಾರ ಬಾಗಿಲು ತೆರೆದಿದ್ದರು. ನಾವಿಬ್ಬರೂ ಹೋದೆವು. ಆಪರೇಷನ್ ಥಿಯೇಟರಿನಷ್ಟು ಚೊಕ್ಕಟವಾದ ದೊಡ್ಡ ಹಾಲ್, ಗಾಜಿನಾಚೆ ಆ ಯಂತ್ರ. ಆನೆ ಸೊಂಡಿಲಿನಂತೆ ತೋಳು ಬಾಗಿಸಿ, ತಲೆಯನ್ನು ಅಚ್ಚಿಗೆ ಒತ್ತಿ ಸರ್ರನೆ ಹೋಗುತ್ತದೆ, ಟಕ್ ಎಂದು ಕತ್ತರಿಸುತ್ತದೆ, ಎತ್ತಿಕೊಂಡು ಹಿಂದಕ್ಕೆ ಬರುತ್ತದೆ. ತಿರುವಿನ ಬಳಿ ಬಂದಾಗ ನಿಧಾನವಾಗುವುದು ಕಣ್ಣಿಗೇ ಕಾಣುತ್ತಿತ್ತು. “ಬಾಣಂತಿಗೆ ಹೊಟ್ಟೆ ಕಟ್ಟೋವಾಗ ನಮ್ಮಜ್ಜಿ ಹೀಗೇ ಸುತ್ತೋರು” ಎಂದಳು ನನ್ನ ಶ್ರೀಮತಿ. ಮಗಳಿಗೆ ಆ ಹೋಲಿಕೆ ಬಹಳ ಹಿಡಿಸಿತು. ಯಂತ್ರ ಒಂದು ಪದರ ಮುಗಿಸಿ ನಿಂತಿತು. ಒಬ್ಬ ಹೆಂಗಸು ಟಾರ್ಚ್ ಹಿಡಿದು ಹತ್ತಿರ ಹೋಗಿ, ಬೆಳಕನ್ನು ಓರೆಗೆ ಬಿಟ್ಟು, ತಿರುವಿನ ಒಳ ಅಂಚಿನ ಮೇಲೆ ಕೈಗವಸಿನ ಬೆರಳನ್ನು ಸವರುತ್ತಾ ಹೋದಳು. ಕ್ಯಾಮೆರಾ ಇದ್ದರೂ ಇದನ್ನು ಬಿಟ್ಟಿಲ್ಲ ಎಂದು ಮಗಳು ಹೇಳಿದಳು. ನನಗೆ ಬಕೆಟ್ಟಿನ ಪಕ್ಕ ನಿಂತಿದ್ದ ಅಟೆಂಡರ್ ಕಂಡರು.

ವಾಪಸು ಬರುವಾಗ ಕಾರನ್ನು ಅವಳೇ ಓಡಿಸುತ್ತಿದ್ದಳು. ಅವಳಮ್ಮ ಹಿಂದೆ ಕುಳಿತು ತೂಕಡಿಸುತ್ತಿದ್ದಳು.

“ಅಪ್ಪ, ಆವತ್ತು ರಾತ್ರಿ ಮೂರು ಸಲ ಫೋನ್ ಮಾಡಿದ್ದೆಯಲ್ಲ, ಯಾಕೆ? ಕೇಳ್ಬೇಕು ಅಂತಿದ್ದೆ, ಮರ್ತೇ ಹೋಗಿತ್ತು.”

ಹೇಳಿದೆ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ, ಬಿಡದೆ, ಆ ತಾಯಿ ಹೇಳಿದ ಮಾತನ್ನೂ ಸೇರಿಸಿ ಹೇಳಿದೆ. ಹಿಂದಿನ ಸೀಟಿನಲ್ಲಿ ತೂಕಡಿಕೆ ನಿಂತಿದ್ದು ನನಗೆ ಗೊತ್ತಾಗುತ್ತಿತ್ತು. ಮಗಳು ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಳು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

“ಯಾವ ಕೈ?” ಎಂದಳು ಆಮೇಲೆ.

“ಎಡಗೈ” ಎಂದೆ.